ನಾಯಿಯ ಪಾಲು

ಹಲಸೂರು
6 ಅಕ್ಟೋಬರ್ 2024

ದೊಡ್ಡಪ್ಪನವರಿಗೆ ಸುಕನ್ಯಳ ನಮಸ್ಕಾರ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆದರೆ "ನಾನೇನ್ ಕೇಳಿದ್ನಾ?" ಅನ್ನುತ್ತೀರಿ. ಅದಕ್ಕೇ ಬರೆಯುವುದಿಲ್ಲ. ಹಲಸೂರಿನಿಂದ ದೊಮ್ಮಲೂರಿಗೆ ಅಂಚೆಚೀಟಿ ಅಂಟಿಸಿ ಕಾಗದ ಹಾಕುವ ಹುಡುಗಿ ಇಡೀ ಬೆಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ? ದೊಮ್ಮಲೂರಿನ ತನ್ನ ಪಾಲಿನ ಜಾಗವನ್ನು ಅಪ್ಪ ಆಫೀಸು ಕಟ್ಟುವವರಿಗೆ ಮಾರಿದ ದಿನದಿಂದ ನೀವು ನಮ್ಮ ಮನೆಯವರ ಜೊತೆ ಮಾತು ಬಿಟ್ಟಿದ್ದೀರಿ. ಆರು ವರ್ಷವಾಯಿತು. ಫೋನ್ ಮಾಡಿದರೆ ಎತ್ತುವುದಿಲ್ಲ, ಎದುರಿಗೆ ಸಿಕ್ಕರೆ ಮುಖ ತಿರುಗಿಸುತ್ತೀರಿ. ಮೊನ್ನೆ ಹಲಸೂರು ಮಾರ್ಕೆಟ್ಟಿನಲ್ಲಿ ಸಿಕ್ಕ ದೊಡ್ಡಮ್ಮನೇ ಈ ಉಪಾಯ ಹೇಳಿಕೊಟ್ಟದ್ದು. "ನಿಮ್ ದೊಡ್ಡಪ್ಪ ಮಾತಾಡಲ್ಲ ಅಂತ ಹಟ ಹಿಡಿದವ್ರೆ ಕಣಮ್ಮ, ಓದಲ್ಲ ಅಂತ ಎಲ್ಲಿ ಅಂದವ್ರೆ? ಬರೆದು ನೋಡು" ಎಂದರು.

ವಿಷಯಕ್ಕೆ ಬರುತ್ತೇನೆ. ನಾನೀಗ ಬಿ.ಎ. ಕೊನೆಯ ವರ್ಷದಲ್ಲಿ ಕಲಾ ಇತಿಹಾಸ ಓದುತ್ತಿದ್ದೇನೆ. ಹಳೆಯ ಶಿಲ್ಪ, ಚಿತ್ರ, ಕಟ್ಟಡಗಳನ್ನು ಯಾರು ಮಾಡಿದರು, ಯಾಕೆ ಮಾಡಿದರು, ಅವುಗಳಲ್ಲಿ ಏನಿದೆ ಎಂದು ನೋಡುವ ಓದು ಅದು. ಫೆಬ್ರವರಿ ಎಂಟಕ್ಕೆ ಕಂಟೋನ್ಮೆಂಟಿನ ಒಂದು ಕಾಲೇಜಿನಲ್ಲಿ ನಮ್ಮಂಥ ಪದವಿ ವಿದ್ಯಾರ್ಥಿಗಳಿಗೆಂದೇ ಒಂದು ಸಮ್ಮೇಳನವಿದೆ. ಬೇರೆಬೇರೆ ರಾಜ್ಯಗಳಿಂದ ಹುಡುಗರು ಬಂದು ತಾವು ಮಾಡಿದ ಸಂಶೋಧನೆಯನ್ನು ವೇದಿಕೆಯ ಮೇಲೆ ಮಂಡಿಸುತ್ತಾರೆ. ನನ್ನ ಪ್ರಬಂಧವೂ ಆಯ್ಕೆಯಾಗಿದೆ. ವಿಷಯ, ನಿಮ್ಮ ಮನೆಯ ಹಿಂದಿನ ಗುಡಿಯಲ್ಲಿರುವ ನಮ್ಮ ವೀರಗಲ್ಲು.

ಕಾರ್ತಿಕದ ಕಡೆಯ ಸೋಮವಾರ ಆ ಕಲ್ಲಿಗೆ ಎಡೆ ಇಡುವಾಗ ಒಂದು ತುತ್ತು ಮುದ್ದೆಯನ್ನು ಬೇರೆಯಾಗಿ ಕಲ್ಲಿನ ಎಡಗಡೆಯ ಕೆಳಮೂಲೆಗೆ ಇಡುತ್ತೀರಲ್ಲ? "ಇದು ನಾಯಿಯ ಪಾಲು" ಎಂದು ಹೇಳಿ ಇಡುತ್ತೀರಿ. ತಾತನೂ ಹಾಗೇ ಇಡುತ್ತಿದ್ದರು. ನನ್ನ ವಾದ ಇಷ್ಟೇ: ಆ ಮೂಲೆಯಲ್ಲಿ, ಅಷ್ಟೂ ಬಣ್ಣದ ಕೆಳಗೆ, ಒಂದು ನಾಯಿಯನ್ನು ಕೆತ್ತಿದ್ದಾರೆ. ಯಜಮಾನನ ಜೊತೆ ಹೋರಾಡಿ ಸತ್ತ ನಾಯಿ. ಕಣ್ಣಿಗೆ ಕಾಣದಂತಾದ ಮೇಲೂ ನಮ್ಮ ಮನೆಯವರ ಕೈ ಅದನ್ನು ಮರೆತಿಲ್ಲ. ಇದು ನಿಜವಾದರೆ ಎಷ್ಟು ದೊಡ್ಡ ಸಂಗತಿ ಎಂದು ನಿಮಗೆ ಹೇಗೆ ತಿಳಿಸಲಿ? ಎಂ.ಎ.ಗೆ ಅರ್ಜಿ ಹಾಕುವಾಗ ನನ್ನ ಕೈಯಲ್ಲಿರುವ ಗಟ್ಟಿ ಕೆಲಸ ಇದೊಂದೇ. "ಕಲ್ಲು ನೋಡ್ಕೊಂಡಿದ್ರೆ ಹೊಟ್ಟೆ ತುಂಬುತ್ತಾ?" ಎಂದು ಅಪ್ಪ ದಿನಾ ಕೇಳುತ್ತಾನೆ.

ನನಗೆ ಬೇಕಾದ್ದು ಆ ಮೂಲೆಯ ಒಂದು ಫೋಟೋ. ಹಳೆಯ ಶಿಲ್ಪಗಳನ್ನು ಶುಚಿ ಮಾಡುವುದನ್ನು ಕಲಿತವರು ನಮ್ಮ ಮಾರಿಯಾ ಮಿಸ್‌ಗೆ ಗೊತ್ತು. ಅವರು ಬಂದು ಹತ್ತಿಯಲ್ಲಿ ಮೆಲ್ಲಗೆ ಅಂಗೈಯಗಲ ಬಣ್ಣ ತೆಗೆಯುತ್ತಾರೆ. ನನ್ನ ಸಹಪಾಠಿ ಫಹೀಮ್ ಫೋಟೋ ತೆಗೆಯುತ್ತಾನೆ. ಆಮೇಲೆ ನೀವು ಮತ್ತೆ ಬಣ್ಣ ಬಳಿದುಕೊಳ್ಳಿ. ಒಪ್ಪಿಗೆ ಕೊಡಿ ದೊಡ್ಡಪ್ಪ.

ನಿಮ್ಮ ಉತ್ತರಕ್ಕೆ ಕಾದಿರುವ,
ಸುಕನ್ಯ


ದೊಮ್ಮಲೂರು
15 ಅಕ್ಟೋಬರ್ 2024

ಸುಕನ್ಯಾ,

ಕಾಗದ ಸಿಕ್ಕಿತು. ಅಕ್ಷರ ನಿಮ್ಮ ತಾತನ ಹಾಗೆ ಗುಂಡಗಿದೆ, ಬುದ್ಧಿ ಮಾತ್ರ ನಿಮ್ಮಪ್ಪನದು. ಅವನೂ ಹೀಗೇ, ಬೇಡ ಅಂದದ್ದನ್ನೇ ಬೇಕು ಅನ್ನುವವನು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಪ್ಪಿದ್ದರೆ ತಿದ್ದಿಕೊಂಡು ಓದು.

ಆಗುವುದಿಲ್ಲ. ನಮ್ಮ ಮನೆತನದ ಹಿರಿಯ ಮಗನನ್ನು ಬಿಟ್ಟು ಇನ್ನೊಂದು ಕೈ ಆ ಕಲ್ಲನ್ನು ಮುಟ್ಟಿಲ್ಲ. ನಮ್ಮಪ್ಪ ಮುಟ್ಟುತ್ತಿದ್ದರು, ಈಗ ನಾನು. ನಿಮ್ಮಪ್ಪ ಮುನಿರಾಜನೂ ಮುಟ್ಟಿಲ್ಲ. ನಿನ್ನ ದೊಡ್ಡಮ್ಮ ಗಂಗಲಕ್ಷ್ಮಮ್ಮ ಈ ಮನೆಗೆ ಬಂದು ಅರ್ಧ ಆಯಸ್ಸು ಕಳೆಯಿತು, ಇವತ್ತಿಗೂ ಹೊಸ್ತಿಲಾಚೆ ನಿಂತೇ ಹೂವಿನ ತಟ್ಟೆ ಕೊಡುತ್ತಾಳೆ. ಯಾರೋ ಕಲಿತವರು ಬಂದು ಹತ್ತಿ ಹಾಕಿ ಒರೆಸುವುದಕ್ಕೆ ಅದೇನು ಗಾಯವೇ?

ಇನ್ನು ನಿನ್ನ ನಾಯಿಯ ವಿಚಾರ. ನಾಯಿಯೂ ಇಲ್ಲ ಗೀಯಿಯೂ ಇಲ್ಲ. ನಮ್ಮ ವೀರ ಕುದುರೆ ಏರಿದವನು ಎಂದು ನಮ್ಮಪ್ಪ ಹೇಳುತ್ತಿದ್ದರು. ಹಿಂದೆ ಇಲ್ಲೆಲ್ಲ ಹೊಲಗಳಿದ್ದಾಗ ಬೀದಿನಾಯಿಗಳು ನುಗ್ಗಿ ಎಡೆಗೆ ಬಾಯಿ ಹಾಕುತ್ತಿದ್ದವು. ಅವಕ್ಕೆ ಮೊದಲೇ ಒಂದು ತುತ್ತು ಹಾಕಿದರೆ ಸುಮ್ಮನಿರುತ್ತವೆ ಎಂದು ಹಿರಿಯರು ಮಾಡಿಕೊಂಡ ಉಪಾಯ ಅದು. ಮನೆತನದ ವೀರನ ಪಕ್ಕದಲ್ಲಿ ನಾಯಿ ನಿಲ್ಲಿಸಿ ಊರೂರಿನವರ ಮುಂದೆ ಇಂಗ್ಲಿಷಿನಲ್ಲಿ ಸಾರಬೇಡ.

ನಿಮ್ಮಪ್ಪ ಮಾರಿದ ಜಾಗದಲ್ಲಿ ಆಫೀಸಿನವರು ಈಗ ಜನರೇಟರ್ ಇಟ್ಟಿದ್ದಾರೆ. ಗುಡಿಗೆ ಹೋಗಬೇಕಾದರೆ ಅದಕ್ಕೂ ಕಾಂಪೌಂಡಿಗೂ ನಡುವೆ ಅಡ್ಡಡ್ಡ ನಡೆಯಬೇಕು. ಹೂವಿನ ತಟ್ಟೆ ಹಿಡಿದುಕೊಂಡು ಏಡಿಯ ಹಾಗೆ ಹೋಗುತ್ತೇನೆ. ಬೇಕಿದ್ದರೆ ಅದರ ಫೋಟೋ ತೆಗೆದು ನಿಮ್ಮಪ್ಪನಿಗೆ ತೋರಿಸು.

ಓದು ಚೆನ್ನಾಗಿ ಮಾಡು.

ಮುನಿನಾರಾಯಣಪ್ಪ


ಹಲಸೂರು
3 ನವೆಂಬರ್ 2024

ದೊಡ್ಡಪ್ಪನವರಿಗೆ,

ನಿಮ್ಮ ಕಾಗದ ಓದಿ ಸಿಟ್ಟು ಬಂತು, ಮಧ್ಯೆ ಎರಡು ಕಡೆ ನಗುವೂ ಬಂತು. ನಕ್ಕದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಬೀದಿನಾಯಿಗೆ ಎನ್ನುತ್ತೀರಿ. ಸರಿ, ಹಾಗಾದರೆ ಆ ತುತ್ತನ್ನು ಗುಡಿಯ ಹೊರಗೆ ಇಡಬೇಕಿತ್ತು. ಒಳಗೆ, ಕಲ್ಲಿಗೆ ಒತ್ತಿಸಿ, ಯಾವ ನಾಯಿಯೂ ಬರದ ಮೂಲೆಯಲ್ಲಿ ಯಾಕೆ ಇಡುತ್ತೀರಿ? ಪೂಜೆ ಮುಗಿದ ಮೇಲೆ ಅದನ್ನು ನಾಯಿಗೇ ಹಾಕುತ್ತೀರಾ? ಇಲ್ಲ. ಹೊಂಗೆ ಮರದ ಬುಡದಲ್ಲಿ ಮಣ್ಣು ಮಾಡುತ್ತೀರಿ. ಸತ್ತವರ ಪಾಲನ್ನಲ್ಲವೇ ಹಾಗೆ ಮಾಡುವುದು? ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ.

ಇಲ್ಲಿ ನನ್ನ ಪರಿಸ್ಥಿತಿ ಕೇಳಿ. ಮೊನ್ನೆ ಕಾಲೇಜಿನಲ್ಲಿ ಅಭ್ಯಾಸಕ್ಕೆಂದು ಪ್ರಬಂಧ ಓದಿಸಿದರು. ಹೋದ ವರ್ಷ ಪೂಜೆಯ ದಿನ ನಾನು ಹೊಸ್ತಿಲಲ್ಲಿ ನಿಂತು ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಪರದೆಯ ಮೇಲೆ ಹಾಕಿದೆ. ಎಣ್ಣೆ, ಅರಿಸಿನ, ಅದರ ಮೇಲೆ ಬೆಳ್ಳಿ ಬಣ್ಣ, ಕೆಂಪು ಬಣ್ಣ, ಮೇಲೆ ಅಂಟಿಸಿದ ಬೆಳ್ಳಿಯ ಕಣ್ಣು, ಮೀಸೆ. ಹಿಂದಿನ ಬೆಂಚಿನ ಹುಡುಗನೊಬ್ಬ, "ಇದ್ರಲ್ಲಿ ಶಿಲ್ಪ ಎಲ್ಲಿದೆ? ದಿಂಬಿಗೆ ಬಣ್ಣ ಹೊಡೆದಂಗಿದೆ" ಎಂದ. ಎಲ್ಲರೂ ನಕ್ಕರು. ಮಾರಿಯಾ ಮಿಸ್ ನಗಲಿಲ್ಲ, ಆದರೆ ಅವರು ಹೇಳಿದ್ದು ಅದಕ್ಕಿಂತ ನೋವಾಯಿತು. "ಸುಕನ್ಯಾ, ಮುದ್ದೆ ಇಡೋದು ಆಚಾರ. ಆಚಾರದಿಂದ ಚಿತ್ರಕ್ಕೆ ಹಾರೋ ಹಾಗಿಲ್ಲ. ಚಿತ್ರ ತೋರಿಸ್ಬೇಕು" ಎಂದರು. ಅವರು ಹೇಳಿದ್ದು ಸರಿ. ನನ್ನ ಕೈ ಕಟ್ಟಿಹಾಕಿರುವುದು ನೀವು. ಪಕ್ಕದಲ್ಲಿ ಕೂರುವ ಹುಡುಗಿ ಎಲ್ಲೋ ದೂರದ ಗುಹೆಯ ಚಿತ್ರಗಳ ಬಗ್ಗೆ ಬರೆದಿದ್ದಾಳೆ, ಅವಳು ಅಲ್ಲಿಗೆ ಹೋಗಿಯೇ ಇಲ್ಲ, ಅವಳ ಹತ್ತಿರ ನಲವತ್ತು ಫೋಟೋ ಇವೆ. ನಮ್ಮ ಮನೆಯ ಹಿತ್ತಿಲ ಕಲ್ಲಿನದು ನನ್ನ ಹತ್ತಿರ ಕೆತ್ತನೆ ಕಾಣುವಂಥದ್ದು ಒಂದೂ ಇಲ್ಲ.

ಕುದುರೆಯೇ ಇದ್ದರೆ ಕುದುರೆ ಎಂದೇ ಬರೆಯುತ್ತೇನೆ. ನೋಡೋಣ, ಅಷ್ಟೇ ನಾನು ಕೇಳುತ್ತಿರುವುದು. ಕಾರ್ತಿಕದ ಸೋಮವಾರ ಕಲ್ಲನ್ನು ತೊಳೆಯುತ್ತೀರಲ್ಲ, ಆಗ ಆ ಮೂಲೆಯನ್ನು ಸ್ವಲ್ಪ ಬಿಸಿನೀರಿನಲ್ಲಾದರೂ ಒರೆಸಿ. ನಾನು ಬಂದು ಹೊಸ್ತಿಲಲ್ಲೇ ನಿಲ್ಲುತ್ತೇನೆ. ನೀವು ಮಾತಾಡಬೇಕಾಗಿಲ್ಲ.

ಹಟದಲ್ಲಿ ನಿಮಗೇನೂ ಕಡಿಮೆಯಿಲ್ಲದ,
ಸುಕನ್ಯ


ಹಲಸೂರು
26 ನವೆಂಬರ್ 2024

ದೊಡ್ಡಪ್ಪನವರಿಗೆ,

ನಿನ್ನೆ ಬಂದಿದ್ದೆ. ನೀವು ನೋಡಿದಿರಿ, ನೋಡದ ಹಾಗೆ ಇದ್ದಿರಿ. ದೊಡ್ಡಮ್ಮ ಮಾತ್ರ ಎಲೆ ತುಂಬ ಬಡಿಸಿದರು.

ಗುಡಿಯ ಬಾಗಿಲು ತೆಗೆದಾಗ ನನಗೆ ಅಳು ಬರುವುದೊಂದು ಬಾಕಿ. ಕಲ್ಲಿಗೆ ಹೊಸ ಬಣ್ಣ! ಹಿಂದಿನ ದಿನವೇ ಬಳಿದಿದ್ದೀರಿ, ಇನ್ನೂ ವಾಸನೆ ಹೋಗಿರಲಿಲ್ಲ. ಅದೂ ಈ ಸಲ ಬಂಗಾರದ ಬಣ್ಣ. ನಾನು ಒಂದು ಪದರ ತೆಗೆಯಿರಿ ಎಂದು ಬೇಡಿಕೊಂಡರೆ ನೀವು ಮೇಲೊಂದು ಪದರ ಹಚ್ಚಿದ್ದೀರಿ. ಇದು ಭಕ್ತಿಯೋ, ಅಪ್ಪನ ಮೇಲಿನ ಸೇಡೋ? ಜಾಗ ಮಾರಿದವನು ಅಪ್ಪ. ನಾನೇನು ಮಾಡಿದೆ? ಆಗ ನನಗೆ ಹದಿನಾಲ್ಕು ವರ್ಷ, ಯಾರೂ ನನ್ನನ್ನು ಕೇಳಿರಲಿಲ್ಲ.

ಈ ಬಣ್ಣವೆಲ್ಲ ಹೋಗಿ ಕಲ್ಲು ಕಾಣುವ ತನಕ ನನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಫೋಟೋ ಕಳಿಸಲು ಜನವರಿ ಕೊನೆಯವರೆಗೆ ಟೈಮ್ ಕೊಟ್ಟಿದ್ದಾರೆ. ಹೊರಗಿನವರು ಮುಟ್ಟಬಾರದು, ನಾನು ಮುಟ್ಟಬಾರದು, ಹಿರಿಯ ಮಗನೊಬ್ಬನೇ ಮುಟ್ಟಬೇಕು ಅನ್ನುತ್ತೀರಲ್ಲ, ಹಾಗಾದರೆ ನೀವೇ ತೆಗೆಯಿರಿ. ಹೇಗಾದರೂ ತೆಗೆಯಿರಿ. ಕಲ್ಲು ಕಂಡರೆ ಸಾಕು ನನಗೆ.

ಆಗದಿದ್ದರೆ ಇನ್ನು ಬರೆಯಬೇಡಿ, ನಾನೂ ಬರೆಯುವುದಿಲ್ಲ.

ಸುಕನ್ಯ


ದೊಮ್ಮಲೂರು
13 ಜನವರಿ 2025

ಸುಕನ್ಯಾ,

ನಿನ್ನ ಕೆಲಸ ಆಗಿದೆ. ಬಂದು ಫೋಟೋ ತೆಗೆದುಕೊ.

ನಿನ್ನ ಹಿಂದಿನ ಕಾಗದವನ್ನು ನಿನ್ನ ದೊಡ್ಡಮ್ಮನ ಕೈಗೆ ಕೊಟ್ಟಿದ್ದೆ. ಓದಿ, "ಆ ಮಗೀಗ್ ಏನ್ ಬೇಕೋ ಮಾಡ್ಕೊಡ್ರಿ, ನಿಮ್ ಅಣ್ತಮ್ಮಂದ್ರ ಜಗಳಕ್ಕೆ ಅದ್ಯಾಕೆ ಸಾಯ್ಬೇಕು?" ಎಂದು ಒಂದು ವಾರ ನನ್ನನ್ನು ಹುರಿದು ಮುಕ್ಕಿದಳು. ಅದಕ್ಕೇ ಮನಸ್ಸು ಮಾಡಿದೆ.

ಮೊದಲು ಥಿನ್ನರ್ ಹಾಕಿ ಉಜ್ಜಿದೆ. ಮೇಲಿನ ಬಣ್ಣ ಹೋಯಿತು, ಕೆಳಗಿನದು ಜಪ್ಪಯ್ಯ ಅನ್ನಲಿಲ್ಲ. ನಮ್ಮಪ್ಪನ ಕಾಲದ ಎಣ್ಣೆ, ಅರಿಸಿನ ಎಲ್ಲ ಸೇರಿ ಸಿಮೆಂಟಿನ ಹಾಗೆ ಕಚ್ಚಿಕೊಂಡಿತ್ತು. ಮುಂದಿನ ಮನೆಯಲ್ಲಿ ಬಾಡಿಗೆಗೆ ಕೊಡಲು ಮೇಲೆ ಎರಡು ರೂಮು ಏರಿಸುತ್ತಿದ್ದೇನಲ್ಲ, ಅಲ್ಲಿ ಅಡುಗೆಮನೆಯ ಗ್ರಾನೈಟ್ ಉಜ್ಜುವವರು ಬಂದಿದ್ದರು. ಅವರ ಕೈಮೆಷಿನ್ ಇಸಿದುಕೊಂಡೆ. "ನಾವೇ ಮಾಡ್ಕೊಡ್ತೀವಿ ಬಿಡಿ" ಅಂದರು. ಹೊರಗಿನವರು ಕಲ್ಲನ್ನು ಮುಟ್ಟಬಾರದಲ್ಲ, ಅದಕ್ಕೆ ಅವರನ್ನು ಕಾಂಪೌಂಡಿನ ಆಚೆ ನಿಲ್ಲಿಸಿ ನಾನೇ ಹಿಡಿದೆ. ಎಂದೂ ಹಿಡಿದವನಲ್ಲ, ಮೊದಮೊದಲು ಕೈ ಎಳೆಯಿತು. ಮುಖಕ್ಕೆಲ್ಲ ಧೂಳು. ಬೆಳಗ್ಗೆ ಶುರು ಮಾಡಿದ್ದು ಮಧ್ಯಾಹ್ನಕ್ಕೆ ಮುಗಿಯಿತು.

ಈಗ ಒಂದು ಚುಕ್ಕೆ ಬಣ್ಣವಿಲ್ಲ. ಕಲ್ಲು ಕನ್ನಡಿಯಾಗಿದೆ.

ನಾಯಿ ಇರಲಿಲ್ಲ. ಆ ಮೂಲೆಯಲ್ಲಿ ಏನೂ ಇರಲಿಲ್ಲ. ಪ್ರಬಂಧದಲ್ಲಿ ಬೇರೆ ಏನಾದರೂ ಬರಿ.

ನಾಳೆ ಸಂಕ್ರಾಂತಿ. ಎಳ್ಳುಬೆಲ್ಲ ದೊಡ್ಡಮ್ಮನ ಕೈಯಲ್ಲಿ ಕಳಿಸಿದ್ದೇನೆ, ನಿನಗೆ ಮಾತ್ರ.

ಮುನಿನಾರಾಯಣಪ್ಪ


ಹಲಸೂರು
19 ಜನವರಿ 2025

ದೊಡ್ಡಪ್ಪ,

ಇವತ್ತು ಫಹೀಮನ ಜೊತೆ ಬಂದಿದ್ದೆ. ನೀವು ಒಳಗೇ ಇದ್ದಿರಿ, ನಿಮ್ಮ ಚಪ್ಪಲಿ ಹೊರಗಿತ್ತು. ಹೊರಗೆ ಬರಲಿಲ್ಲ.

ಫಹೀಮ್ ಕ್ಯಾಮೆರಾ ತೆಗೆಯಲೇ ಇಲ್ಲ. ಹೊಸ್ತಿಲಲ್ಲಿ ನಿಂತು ನೋಡಿ, "ಸುಕನ್ಯಾ, ಇದ್ರಲ್ಲಿ ಏನ್ ಫೋಟೋ ತೆಗೀಲಿ?" ಎಂದು ಮೆಲ್ಲಗೆ ಕೇಳಿದ.

ನೀವು ತೆಗೆದಿರುವುದು ಬಣ್ಣವನ್ನಲ್ಲ. ಕೆತ್ತನೆಯನ್ನೇ ತೆಗೆದಿದ್ದೀರಿ. ಮೇಲಿನ ಪಟ್ಟಿಯಲ್ಲಿ ಲಿಂಗದ ಗುರುತು ಅರ್ಧ ಇದೆ. ನಡುವೆ ವೀರನನ್ನು ಸ್ವರ್ಗಕ್ಕೆ ಎತ್ತಿಕೊಂಡು ಹೋಗುವ ಹೆಂಗಸರಲ್ಲಿ ಒಬ್ಬಳ ಮೊಣಕೈ ಉಳಿದಿದೆ. ಕೆಳಗೆ ವೀರನ ಎರಡು ಕಾಲು ಇವೆ, ಮೇಲೆ ಮನುಷ್ಯನಿಲ್ಲ. ಎಲ್ಲಕ್ಕಿಂತ ಹೆಚ್ಚು ಸವೆದಿರುವುದು ಎಡಗಡೆಯ ಕೆಳಮೂಲೆ. ನಾನು ಕೇಳಿದ ಮೂಲೆ! ಅಲ್ಲಿ ಹಳ್ಳವೇ ಬಿದ್ದಿದೆ. ಅಷ್ಟು ದೂರದಲ್ಲಿ ನಿಂತರೂ ಅದರಲ್ಲಿ ಬಾಗಿಲ ಬೆಳಕು ಹೊಳೆಯುತ್ತಿತ್ತು.

ಏಳೆಂಟು ನೂರು ವರ್ಷ ಮಳೆ, ಬಿಸಿಲು, ದಂಡು, ಬ್ರಿಟಿಷರು, ಫ್ಲೈಓವರ್ ಎಲ್ಲವನ್ನೂ ತಡೆದುಕೊಂಡ ಕಲ್ಲು ಅದು. ನಮ್ಮ ಮನೆಯ ಹಿರಿಯ ಮಗನ ಒಂದು ಬೆಳಗ್ಗೆ ತಡೆಯಲಿಲ್ಲ. ಇದಕ್ಕಿಂತ ಆ ಬಂಗಾರದ ಬಣ್ಣವೇ ಎಷ್ಟೋ ವಾಸಿಯಿತ್ತು. ಕೆಳಗೆ ಎಲ್ಲವೂ ಇದ್ದೇ ಇರುತ್ತಿತ್ತು. ನನ್ನ ಕಾಲದಲ್ಲಿ ಕಾಣದಿದ್ದರೆ ನನ್ನ ಮಕ್ಕಳ ಕಾಲದಲ್ಲಿ ಯಾರಾದರೂ ಕಾಣುತ್ತಿದ್ದರು.

ನಾಯಿ ಇರಲಿಲ್ಲ ಎಂದು ಬರೆದಿದ್ದೀರಿ. ಇತ್ತೋ ಇಲ್ಲವೋ ಇನ್ನು ಯಾರಿಗೆ ಗೊತ್ತಾಗುತ್ತದೆ? ಹೆಸರು ವಾಪಸು ತೆಗೆದುಕೊಳ್ಳೋಣ ಎಂದುಕೊಂಡೆ, ಕಾರ್ಯಕ್ರಮದ ಪಟ್ಟಿ ಅಚ್ಚಾಗಿದೆಯಂತೆ. ಕೈಯಲ್ಲಿ ಏನೂ ಇಲ್ಲದೆ ಅಷ್ಟು ಜನರ ಮುಂದೆ ನಿಲ್ಲಬೇಕು. ನನಗೆ ನಿಮ್ಮ ಮೇಲೆ ಎಷ್ಟು ಕೋಪ ಬಂದಿದೆ ಎಂದರೆ ನಿಮ್ಮ ಎಳ್ಳುಬೆಲ್ಲ ಇನ್ನೂ ಕಟ್ಟು ಬಿಚ್ಚದೆ ಹಾಗೇ ಇದೆ.

ಸುಕನ್ಯ


ದೊಮ್ಮಲೂರು
10 ಫೆಬ್ರವರಿ 2025

ಸುಕನ್ಯಾ,

ನೀನು ಬೈದು ಬರೆದ ಕಾಗದಕ್ಕೆ ಉತ್ತರ ಬರೆಯಲು ಎಷ್ಟೋ ಸಲ ಕೂತು ಎದ್ದೆ. ಬರಲಿಲ್ಲ. ಈಗ ಬೇರೆ ವಿಷಯ ಇದೆ.

ಶನಿವಾರ ನಿನ್ನ ಸಮ್ಮೇಳನಕ್ಕೆ ನಾನೂ ಬಂದಿದ್ದೆ. ನೀನು ನೋಡಲಿಲ್ಲ. ತಾರೀಕು ನಿನ್ನ ಮೊದಲನೇ ಕಾಗದದಲ್ಲೇ ಇತ್ತು, ಕಾಲೇಜು ಯಾವುದು ಅಂತ ದೊಡ್ಡಮ್ಮ ನಿಮ್ಮಮ್ಮನನ್ನು ಕೇಳಿಕೊಂಡು ಬಂದಳು. ಬಿಳಿ ಅಂಗಿ, ಪಂಚೆ, ಶಲ್ಯ ಹಾಕಿಕೊಂಡು ಹೋದೆ. ಬಾಗಿಲಲ್ಲಿ ಕೂತಿದ್ದ ಹುಡುಗಿ, "ಅಂಕಲ್, ರಿಜಿಸ್ಟ್ರೇಷನ್ ಆಗಿದ್ಯಾ?" ಎಂದಳು. "ನಮ್ಮುಡುಗಿ ಮಾತಾಡ್ತವ್ಳೆ ಕಣಮ್ಮ, ಕೇಳಕ್ಕೆ ಬಂದಿವ್ನಿ" ಎಂದೆ. ಪಾಪ, ಒಳ್ಳೆಯವಳು, ಕೊರಳಿಗೆ ಒಂದು ಚೀಟಿ ತಗುಲಿಸಿ ಒಳಗೆ ಬಿಟ್ಟಳು. ಕಟ್ಟಕಡೆಯ ಸಾಲಿನಲ್ಲಿ ಕೂತೆ. ಏಸಿ ಎಷ್ಟು ಜೋರಾಗಿತ್ತು ಎಂದರೆ ಶಲ್ಯ ಹೊದ್ದುಕೊಂಡೆ.

ನಿನಗಿಂತ ಮುಂಚೆ ಮೂವರು ಮಾತಾಡಿದರು. ಒಂದಕ್ಷರ ಅರ್ಥವಾಗಲಿಲ್ಲ. ನೀನು ಮೈಕಿನ ಮುಂದೆ ನಿಂತಾಗ ನಿಮ್ಮ ತಾತನೇ ನಿಂತ ಹಾಗಾಯಿತು, ಅದೇ ಗಲ್ಲ, ಅದೇ ಹುಬ್ಬು. ಪರದೆಯ ಮೇಲೆ ನಮ್ಮ ಗುಡಿ ಬಂತು. ಆಮೇಲೆ ಇಂಗ್ಲಿಷಿನ ನಡುವೆ ನನ್ನ ಹೆಸರು ಕೇಳಿಸಿತು. ಪೂರ್ತಿ ಹೆಸರು, ಸ್ಪಷ್ಟವಾಗಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೊನೆಗೆ ಮುಂದಿನ ಸಾಲಿನಲ್ಲಿದ್ದ ಕನ್ನಡಕದ ಹೆಂಗಸೊಬ್ಬರು ಎದ್ದು ಏನೋ ಕೇಳಿದರು. ನೀನು ತಲೆಯಾಡಿಸಿ "ನೋ" ಎಂದೆ. ನಿನ್ನ ಮುಖ ಬಾಡಿತು. ಅವರು ಕೇಳಿದ್ದೇನು?

ನನ್ನ ಬಗ್ಗೆ ಏನು ಹೇಳಿದೆ ಅಂತಲೂ ಬರಿ. ಬೀದಿಯ ಕೊನೆಯ ಪಿಳ್ಳಪ್ಪನ ಟೀ ಅಂಗಡಿಯಲ್ಲಿ, ನಮ್ಮ ತಮ್ಮನ ಮಗಳು ಮೈಕಿನಲ್ಲಿ ನನ್ನ ಹೆಸರು ಹೇಳಿದಳು ಎಂದು ಹೇಳಿದೆ. "ಏನಂತ ಹೇಳಿದ್ಳು ಯಜಮಾನ್ರೆ?" ಎಂದು ಎಲ್ಲರೂ ಕೇಳುತ್ತಾರೆ. ನನಗೇ ಗೊತ್ತಿಲ್ಲ.

ಮುನಿನಾರಾಯಣಪ್ಪ


ಹಲಸೂರು
16 ಫೆಬ್ರವರಿ 2025

ದೊಡ್ಡಪ್ಪ,

ನೀವು ಬಂದಿದ್ದಿರಿ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಮಾತು ಆಡುತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆಡುತ್ತಿದ್ದೆನೋ ಏನೋ. ಅಷ್ಟು ರೋಸಿಹೋಗಿದ್ದೆ.

ಅವತ್ತು ಎಲ್ಲವೂ ಕೆಟ್ಟಿತು. ಇಪ್ಪತ್ತು ನಿಮಿಷ ಎಂದಿದ್ದರು, ಮುಂಚಿನವರು ಎಳೆದದ್ದಕ್ಕೆ ನನಗೆ ಹನ್ನೆರಡಕ್ಕೆ ಇಳಿಸಿದರು. ತೋರಿಸುವುದಕ್ಕೆ ಆ ದಿಂಬಿನಂಥ ಹಳೆಯ ಚಿತ್ರವೊಂದೇ ಇತ್ತು. "ಈಗ ಕಲ್ಲು ಹೇಗಿದೆ?" ಎಂದು ಅಧ್ಯಕ್ಷರು ನಡುವೆಯೇ ಕೇಳಿದರು. ಆಗ ನಿಮ್ಮ ಹೆಸರು ಹೇಳಿದೆ. ಹೊಗಳಲು ಅಲ್ಲ. "ಎಂಟು ಶತಮಾನ ಉಳಿದ ಶಿಲ್ಪವನ್ನು ನನ್ನ ದೊಡ್ಡಪ್ಪ ಮುನಿನಾರಾಯಣಪ್ಪ ಅಡುಗೆಮನೆಯ ಕಲ್ಲು ಉಜ್ಜುವ ಮೆಷಿನ್ ಹಿಡಿದು ಒಂದೇ ಬೆಳಗ್ಗೆ ಅಳಿಸಿಹಾಕಿದರು" ಎಂದೆ. ಅವರು ನಕ್ಕದ್ದು ಅದಕ್ಕೆ. ನೀವೂ ನಕ್ಕಿರಿ ಎಂದು ಓದಿದ ಮೇಲೆ ನನಗೆ ಊಟ ಸೇರಲಿಲ್ಲ.

ಇನ್ನೊಂದು ಮಾತಿದೆ. "ನೀವೇ ತೆಗೆಯಿರಿ, ಹೇಗಾದರೂ ತೆಗೆಯಿರಿ" ಎಂದು ನಾನು ಬರೆದಿದ್ದೆನಲ್ಲ, ಅದನ್ನು ಅಲ್ಲಿ ಹೇಳಲಿಲ್ಲ. ಹೇಳಿದ್ದರೆ ಅವರು ನನ್ನನ್ನು ನೋಡಿ ನಗುತ್ತಿದ್ದರು. ನಿಮ್ಮನ್ನು ಮುಂದೆ ತಳ್ಳಿ ನಾನು ಹಿಂದೆ ನಿಂತೆ. ಟೀ ಅಂಗಡಿಯಲ್ಲಿ ಏನು ಹೇಳುತ್ತೀರೋ ನಿಮಗೆ ಬಿಟ್ಟದ್ದು.

ಕನ್ನಡಕದವರು ಬೇರೆ ಊರಿನಿಂದ ಬಂದ ದೊಡ್ಡ ವಿದ್ವಾಂಸರು. ಅವರೊಬ್ಬರೇ ನಗಲಿಲ್ಲ. "ನಿನ್ನ ಊಹೆ ನನಗೆ ಹಿಡಿಸಿತು. ಕಲ್ಲು ಹೋಯಿತು, ಇರಲಿ. ಆ ಮೂಲೆಯ ಕೆತ್ತನೆಯನ್ನು ಕಣ್ಣಾರೆ ಕಂಡವರು ಒಬ್ಬರಾದರೂ ಬದುಕಿದ್ದಾರಾ? ಅವರು ಹೇಳಿದ್ದನ್ನು ಬರೆದುಕೊಂಡರೂ ಅದು ದಾಖಲೆಯಾಗುತ್ತದೆ" ಎಂದರು. ನಾನು ಇಲ್ಲ ಎಂದೆ. ಅಲ್ಲಿಗೆ ಮುಗಿಯಿತು. ಸಾಕ್ಷಿಯಿಲ್ಲದ ಊಹೆ ಎಂದು ಅಧ್ಯಕ್ಷರು ಕೈತೊಳೆದುಕೊಂಡರು.

ಎಂ.ಎ. ಅರ್ಜಿಗೆ ಬೇರೆ ವಿಷಯ ಹುಡುಕು ಎಂದು ಮಾರಿಯಾ ಮಿಸ್ ಹೇಳಿದ್ದಾರೆ. ಹುಡುಕುತ್ತೇನೆ. ನಾಯಿಯ ಮಾತನ್ನು ಇನ್ನು ಎತ್ತುವುದಿಲ್ಲ. ನೀವು ಹೇಳಿದ ಹಾಗೆ ಅದು ಇರಲೇ ಇಲ್ಲವೇನೋ. ಮುದ್ದೆಯ ತುತ್ತು ನೋಡಿ ನಾನೇ ಹುಟ್ಟಿಸಿಕೊಂಡದ್ದೇನೋ.

ಸಾಕಾಗಿದೆ ದೊಡ್ಡಪ್ಪ.

ಸುಕನ್ಯ


ದೊಮ್ಮಲೂರು
24 ಫೆಬ್ರವರಿ 2025

ಮಗಳೇ ಸುಕನ್ಯಾ,

ಅಲ್ಲಿ ನೀನು ಆಡಿದ ಮಾತಿನಲ್ಲಿ ತಪ್ಪಿಲ್ಲ. ನಡೆದದ್ದನ್ನೇ ಹೇಳಿದ್ದೀಯ. ನೀನು ಬರೆದ ಕಾಗದದ ವಿಚಾರ ಅಲ್ಲಿ ಹೇಳಲಿಲ್ಲ ಎಂದು ಕೊರಗಬೇಡ. ಮೆಷಿನ್ ತಗೊಳ್ಳಿ ಎಂದು ನೀನೇನೂ ಬರೆದಿರಲಿಲ್ಲ. ಪಿಳ್ಳಪ್ಪನ ಅಂಗಡಿಯಲ್ಲಿ ನಿನ್ನ ಕಾಗದವನ್ನೇ ಓದಿಬಿಟ್ಟೆ. ಮೊದಲು ನಕ್ಕರು, ಆಮೇಲೆ ಪಿಳ್ಳಪ್ಪ ನನ್ನ ಹತ್ತಿರ ಟೀ ಕಾಸು ಇಸಿದುಕೊಳ್ಳಲಿಲ್ಲ.

ಆ ಕನ್ನಡಕದ ಅಮ್ಮನವರ ವಿಳಾಸ ನಿಮ್ಮ ಮಿಸ್‌ಗೆ ಗೊತ್ತಿರುತ್ತದೆ. ಅವರಿಗೆ ಬರಿ. ಕಣ್ಣಾರೆ ಕಂಡವನು ಒಬ್ಬ ಬದುಕಿದ್ದಾನೆ, ಅವರು ಕೇಳುವಾಗ ಕಟ್ಟಕಡೆಯ ಸಾಲಿನಲ್ಲೇ ಶಲ್ಯ ಹೊದ್ದು ಕೂತಿದ್ದ ಎಂದು ಬರಿ. ಕೇಳಿದ್ದು ಅರ್ಥವಾಗಿದ್ದರೆ ಅಲ್ಲೇ ಎದ್ದು ನಿಲ್ಲುತ್ತಿದ್ದೆನಾ? ಗೊತ್ತಿಲ್ಲ. ಧೈರ್ಯ ಸಾಲುತ್ತಿರಲಿಲ್ಲವೇನೋ. ನಾಯಿ ಇರಲಿಲ್ಲ ಎಂದು ನಿನಗೆ ಬರೆದದ್ದು ನಾಚಿಕೆಗೆ ಆಡಿದ ಸುಳ್ಳು. ಈಗ ನೀನು ನಾಯಿಯ ಮಾತನ್ನೇ ಬಿಡುತ್ತೇನೆ ಎಂದ ಮೇಲೆ ಸುಮ್ಮನಿರಲು ನನ್ನಿಂದಾಗದು. ಅವರು ಎಲ್ಲಿ ಕರೆದರೂ ಬಂದು ಬಾಯಿಬಿಟ್ಟು ಹೇಳುತ್ತೇನೆ. ನೀನು ಫೋನ್ ಮಾಡು, ಎತ್ತುತ್ತೇನೆ. ನಿಮ್ಮಪ್ಪ ಮಾಡಿದರೂ ಎತ್ತುತ್ತೇನೆ.

ಅವತ್ತು ಬೆಳಗ್ಗೆ ಆ ಮೂಲೆಯಿಂದಲೇ ಶುರು ಮಾಡಿದ್ದೆ. ನಿನಗೆ ಬೇಕಾದ್ದು ಅದೇ ತಾನೇ? ಮೆಷಿನ್ ಇಟ್ಟು ಸ್ವಲ್ಪ ಹೊತ್ತಿಗೆ ಕಪ್ಪು ಕಿತ್ತು ಬಂತು. ಮೊದಲು ಒಂದು ಕಿವಿ ಕಂಡಿತು. ನಿಲ್ಲಿಸಿ ನೀರು ಹಾಕಿ ಬಟ್ಟೆಯಲ್ಲಿ ಒರೆಸಿದೆ. ಮೂತಿ ಕಂಡಿತು, ಮೇಲಕ್ಕೆತ್ತಿ ವೀರನ ಮುಖ ನೋಡುತ್ತಿತ್ತು. ಕೊರಳಿಗೆ ಪಟ್ಟಿ. ಬಾಲ ಸುರುಳಿ ಸುತ್ತಿ ಬೆನ್ನಿನ ಮೇಲೆ ಕೂತಿತ್ತು. ಮುಂಗಾಲು ಒಂದನ್ನು ಎತ್ತಿತ್ತು. ಕುದುರೆ ಅಲ್ಲ. ನಾಯಿ. ನೀನು ಹೇಳಿದ ನಾಯಿ.

ನನಗೆ ಆದ ಸಂತೋಷ ಹೇಳತೀರದು ಮಗಳೇ. "ಲೇ ಗಂಗಾ, ಬಾರೇ ಇಲ್ಲಿ, ಮಗು ಗೆದ್ದುಬಿಡ್ತು ಕಣೆ!" ಎಂದು ಕೂಗಿದೆ. ಜನರೇಟರ್ ಸದ್ದಿಗೆ ಅವಳಿಗೆ ಕೇಳಿಸಲಿಲ್ಲ. ಕಣ್ಣಿನ ಹತ್ತಿರ, ಕಾಲಿನ ಸಂದಿನಲ್ಲಿ ಇನ್ನೂ ಸ್ವಲ್ಪ ಕಪ್ಪು ಉಳಿದಿತ್ತು. ಅಷ್ಟು ದೊಡ್ಡ ಪರದೆಯ ಮೇಲೆ ಹಾಕುತ್ತೀಯ, ಜನ ನಗಬಾರದು, ಕಣ್ಣು ಕಾಲು ಎಲ್ಲ ಚೆನ್ನಾಗಿ ಕಾಣಲಿ ಎಂದು ಇನ್ನೊಂದು ಸಲ ಮೆಷಿನ್ ಒತ್ತಿದೆ.

ನಿನ್ನ ದೊಡ್ಡಪ್ಪ,
ಮುನಿನಾರಾಯಣಪ್ಪ